ಅಳಿವಿನಂಚಿನ ಮೀನಿನ ಫೋಟೋ ತೆಗೆಯೋದು ಹೇಗೆ? ಹಾಸನ–ಚಿಕ್ಕಮಗಳೂರಿನ ಹೊಳೆಗಳಿಗೊಂದು ಮಾರ್ಗದರ್ಶಿ

ಶೃಂಗೇರಿಗೆ ಹೋಗಿ ಬಂದವರ ಮೊಬೈಲ್ ಇಸ್ಕೊಂಡು ನೋಡಿ. ಮೀನಿನ ಫೋಟೋ ಇದ್ದೇ ಇರುತ್ತದೆ. ನೀರಿನ ಮೇಲೆ ಬೆಳ್ಳಗೆ ಹೊಳೆಯುವ ಆಕಾಶ, ತೇಲುವ ಮಂಡಕ್ಕಿ, ನಡುವೆ ಹತ್ತಾರು ಕಪ್ಪು ಬೆನ್ನು. ಮೀನಿನ ಮುಖ ಮಾತ್ರ ಒಂದರಲ್ಲೂ ಇರುವುದಿಲ್ಲ.

ಹುಲಿಯ ಮುಖ ಮಕ್ಕಳಿಗೂ ಗೊತ್ತು. ಮೀನು ಅಂದ್ರೆ ನಮಗೆ ಗೊತ್ತಿರುವುದು ಮೇಲಿಂದ ಕಾಣುವ ಬೆನ್ನು, ಇಲ್ಲಾ ತಟ್ಟೆಯಲ್ಲಿರುವ ತುಂಡು. ಹೊಳೆಗೆ ವಿಷ ಬಿದ್ದು ಮೀನು ಸತ್ತರೂ ಊರು ಎರಡೇ ದಿನಕ್ಕೆ ಮರೆಯುತ್ತದೆ. ಮೀನಿನ ಕಣ್ಣು, ಮೀಸೆ, ಹುರುಪೆಯ ಬಣ್ಣ ಕಾಣುವಂತೆ ಫೋಟೋ ತೆಗೆದು ಅದೇ ಊರಿನವರಿಗೆ ತೋರಿಸಿದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಇದನ್ನು ನಾನೇ ಹಲವು ಸಲ ನೋಡಿದ್ದೇನೆ.

ಈ ಬಗ್ಗೆ ನನ್ನನ್ನು ಕೇಳುವವರು ಸುತ್ತಿ ಬಳಸಿ ಕೇಳುವುದು ಮೂರೇ ಪ್ರಶ್ನೆ. ಯಾವ ಕ್ಯಾಮೆರಾ ಬೇಕು? ಎಲ್ಲಿಗೆ ಹೋಗಬೇಕು? ಮೀನು ಹಿಡಿದು ಗಾಜಿನ ತೊಟ್ಟಿಯಲ್ಲಿ ಹಾಕಿ ತೆಗೀಬಹುದಾ? ಮೂರಕ್ಕೂ ಇಲ್ಲಿ ಉತ್ತರ ಇದೆ. ಮೂರನೆಯದಕ್ಕೆ ಉತ್ತರ ಸ್ವಲ್ಪ ಉದ್ದ.

ಏನೇನು ಬೇಕು

ಹೊಸ ಕ್ಯಾಮೆರಾ ಕೊಳ್ಳೋಕೆ ಹೋಗಬೇಡಿ. ಇರುವುದು ಸಾಕು. ಈ ಸಾಮಾನು ಮಾತ್ರ ಜೊತೆಗಿರಲಿ.

ಪೋಲರೈಸರ್ ಫಿಲ್ಟರ್: ಲೆನ್ಸ್ ಮುಂದೆ ತಿರುಗಿಸಿ ಹಾಕುವ ಕಪ್ಪು ಗಾಜು ಇದು. ನೀರಿನ ಮೇಲಿನ ಹೊಳಪನ್ನು ಕತ್ತರಿಸುತ್ತದೆ. ದಡದಿಂದ ಮೀನು ತೆಗೆಯುವವರು ಮೊದಲು ದುಡ್ಡು ಹಾಕಬೇಕಾದದ್ದು ಇದಕ್ಕೇ. ಮೊಬೈಲ್‌ಗೆ ಕ್ಲಿಪ್ ಹಾಕುವಂಥದ್ದೂ ಸಿಗುತ್ತದೆ. ತುರ್ತಿಗೆ ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನೇ ಲೆನ್ಸ್ ಮುಂದೆ ಹಿಡಿದರೂ ಕೆಲಸ ನಡೆಯುತ್ತದೆ.

ಆ್ಯಕ್ಷನ್ ಕ್ಯಾಮೆರಾ: ನೀರೊಳಗೆ ಮುಳುಗಿಸಬಹುದಾದ ಪುಟ್ಟ ಕ್ಯಾಮೆರಾ. ನಿಮ್ಮ ಹತ್ತಿರ ಇಲ್ಲದಿದ್ದರೆ ಊರಲ್ಲಿ ಬೈಕ್ ಹುಚ್ಚಿರುವ ಹುಡುಗರ ಹತ್ತಿರ ಇರುತ್ತದೆ, ಕೇಳಿ.

ಇವಲ್ಲದೆ ಒಂದು ಉದ್ದ ಕೋಲು, ಗಟ್ಟಿ ದಾರ, ಬಿಳಿ ಪ್ಲಾಸ್ಟಿಕ್ ತಟ್ಟೆ, ಜಾರದ ಚಪ್ಪಲಿ. ಮಳೆಗಾಲ ಮುಗಿದ ಹೊಸತರಲ್ಲಿ ಹೋಗುವುದಾದರೆ ಜಿಗಣೆಗೆ ಉಪ್ಪಿನ ಪೊಟ್ಟಣ. ಆದರೆ ಆ ಉಪ್ಪನ್ನು ನೀರಿಗೆ ಕೊಡವಬೇಡಿ.

ಹಂತ 1: ನೀವು ನಿಂತಿರುವ ಹೊಳೆಯ ನೀರು ಯಾವ ನದಿಯದು ಅಂತ ತಿಳಿದುಕೊಳ್ಳಿ

ನಮ್ಮ ಎರಡು ಜಿಲ್ಲೆಗಳ ಹೊಳೆ ಮೂರು ದಿಕ್ಕಿಗೆ ಹರಿಯುತ್ತವೆ. ತುಂಗಾ, ಭದ್ರಾ ಕೃಷ್ಣೆಯ ಕಡೆಗೆ. ಮೂಡಿಗೆರೆ ಕಡೆ ಹುಟ್ಟುವ ಹೇಮಾವತಿ ಮತ್ತು ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ಯಗಚಿ ಕಾವೇರಿಗೆ. ಸಕಲೇಶಪುರದ ಘಾಟಿ ಇಳಿಯುವ ಕೆಂಪುಹೊಳೆ ನೇತ್ರಾವತಿ ಸೇರಿ ಪಶ್ಚಿಮದ ಕಡಲಿಗೆ. ಒಂದೇ ಗುಡ್ಡದ ಎರಡು ಮಗ್ಗುಲಲ್ಲಿ ಬೇರೆ ಬೇರೆ ಮೀನು ಸಿಗುವುದಕ್ಕೆ ಇದೇ ಕಾರಣ.

ಇದು ಗೊತ್ತಿಲ್ಲದಿದ್ದರೆ ಏನಾಗುತ್ತದೆ ನೋಡಿ. ಮಹಶೀರ್ ಅಂದರೆ ದೊಡ್ಡ ಹುರುಪೆಯ ಹೊಳೆ ಮೀನು. ತುಂಗೆಯಲ್ಲಿ ದೊಡ್ಡ ಮಹಶೀರ್ ಕಂಡ ಕೂಡಲೇ ‘ಜಗತ್ತಿನ ಅತ್ಯಂತ ಅಪರೂಪದ ಮೀನು’ ಅಂತ ಬರೆದು ಹಾಕುತ್ತಾರೆ. ಅಷ್ಟು ಅಪರೂಪದ್ದು ಡುಬ್ಬದ ಮಹಶೀರ್. ವಿಜ್ಞಾನದ ಹೆಸರು ಟಾರ್ ರೆಮಾದೇವಿ. ಅದು ಇರುವುದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. ತುಂಗೆಯಲ್ಲಿ ಇಲ್ಲ. ಐವತ್ತು ಕಿಲೋ ದಾಟಿ ಬೆಳೆಯಬಲ್ಲ ಈ ಮೀನು ಗಾಳ ಹಾಕುವವರಿಗೆ ನೂರಕ್ಕೂ ಹೆಚ್ಚು ವರ್ಷದಿಂದ ಗೊತ್ತಿತ್ತು. ಆದರೆ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾದದ್ದು 2018ರಲ್ಲಿ. ಹೆಸರಿಲ್ಲದ ಮೀನನ್ನು ಪಟ್ಟಿಗೆ ಸೇರಿಸುವುದು ಹೇಗೆ? ಹೆಸರು ಸಿಕ್ಕ ವರ್ಷವೇ ಅದು ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ‘ತೀವ್ರ ಅಪಾಯದಲ್ಲಿದೆ’ ಅನ್ನುವ ಸಾಲಿಗೆ ಸೇರಿತು. ಕೆಂಪು ಪಟ್ಟಿ ಅಂದರೆ ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರ ಇದೆ ಅಂತ ಹೇಳುವ ಜಾಗತಿಕ ಲೆಕ್ಕ.

ಅದರ ಹತ್ತಿರದ ನೆಂಟ ನೀಲಿ ರೆಕ್ಕೆಯ ಮಹಶೀರ್, ಟಾರ್ ಖುದ್ರೀ. ಇದನ್ನು ಲೋನಾವಳದ ಮರಿಕೇಂದ್ರದಲ್ಲಿ ಸಾಕಿ ಬೇರೆ ಬೇರೆ ನದಿಗಳಿಗೆ ಬಿಟ್ಟರು. ಕಾವೇರಿಗೂ ಬಿಟ್ಟರು. ಒಳ್ಳೆಯದಾಗಲಿ ಅಂತ ಬಿಟ್ಟದ್ದು. ಆದರೆ ಅಲ್ಲಿ ಅದು ಹೆಚ್ಚುತ್ತಾ ಹೋದಂತೆ ಡುಬ್ಬದ ಮಹಶೀರ್ ಕಡಿಮೆಯಾಯಿತು. ಹಾಗಾಗಿ ಫೋಟೋದಲ್ಲಿ ರೆಕ್ಕೆಯ ಬಣ್ಣ ಸರಿಯಾಗಿ ಬರುವುದು ಬರೀ ಚೆಂದಕ್ಕಲ್ಲ. ಬಾಲದ ರೆಕ್ಕೆ ಕಿತ್ತಳೆ ಕೆಂಪಾ, ನೀಲಿ ಬೂದುವಾ ಅನ್ನುವುದರ ಮೇಲೆ ಮೀನಿನ ಗುರುತೇ ನಿಂತಿದೆ.

ಎಲ್ಲರ ಕಣ್ಣು ದೊಡ್ಡ ಮಹಶೀರ್ ಮೇಲೆ. ಗೇಣುದ್ದವೂ ಇಲ್ಲದ ಮೀನುಗಳನ್ನು ಕೇಳುವವರಿಲ್ಲ. ಕಾವೇರಿ ಕಡೆಯ ಅರೂಲಿಯಸ್ ಬಾರ್ಬ್ ಕೂಡ ಅಪಾಯದ ಪಟ್ಟಿಯಲ್ಲಿದೆ. ಗಂಡಿನ ಬೆನ್ನ ರೆಕ್ಕೆಯಿಂದ ನೂಲಿನಂಥ ಎಳೆಗಳು ಹೊರಡುತ್ತವೆ. ಸಣ್ಣದಕ್ಕೂ ಒಂದು ಫೋಟೋ ಇರಲಿ ಅಲ್ವಾ?

ಹಂತ 2: ಕಾಲ ಮತ್ತು ಅನುಮತಿ

ನೀರು ತಿಳಿಯಾಗುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಇಲ್ಲೊಂದು ತೊಡಕಿದೆ. ಕಾಫಿ ಹಣ್ಣು ಪಲ್ಪಿಂಗ್ ಮಾಡುವ ಕಾಲವೂ ಅದೇ. ಹಣ್ಣಿನ ಸಿಪ್ಪೆ ಸುಲಿದ ನೀರು ಸಂಸ್ಕರಣೆ ಆಗದೆ ಹಳ್ಳಕ್ಕೆ ಬಂದರೆ ನೀರು ಕಂದಾಗಿ, ಹುಳಿ ವಾಸನೆ ಹೊಡೆಯುತ್ತದೆ. ನೀರಿನಲ್ಲಿರುವ ಆಮ್ಲಜನಕ ಕುಸಿಯುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತವೆ. ಅದನ್ನು ಹಸಿವು ಅಂದುಕೊಂಡು ಹತ್ತಿರ ಹೋಗಿ ಫೋಟೋ ತೆಗೆಯುವವರಿದ್ದಾರೆ. ಅದು ಉಸಿರು ಕಟ್ಟುವ ಒದ್ದಾಟ. ದೂರದಿಂದ ಒಂದು ಫೋಟೋ ತೆಗೆದು, ದಿನ, ಸಮಯ, ಜಾಗ ಬರೆದುಕೊಂಡು ಪಂಚಾಯ್ತಿಗೋ ಮಾಲಿನ್ಯ ನಿಯಂತ್ರಣ ಮಂಡಳಿಗೋ ತಿಳಿಸಿ.

ಏಪ್ರಿಲ್–ಮೇನಲ್ಲಿ ಹಳ್ಳ ಬತ್ತಿ ಮೀನೆಲ್ಲ ಮಡುವಿನಲ್ಲಿ ಒತ್ತೊತ್ತಾಗಿ ಸೇರಿರುತ್ತವೆ. ಸುಲಭವಾಗಿ ಕಾಣುತ್ತವೆ ನಿಜ. ಆದರೆ ಮೊದಲೇ ಬಸವಳಿದಿರುತ್ತವೆ, ನೀರಿಗೆ ಇಳಿದು ಕಲಕಬೇಡಿ. ಜೂನ್ ಬಂದರೆ ಹೊಳೆಯ ಹತ್ತಿರ ಹೋಗುವ ಮಾತೇ ಇಲ್ಲ.

ಹತ್ತುಮೀನಿನ ವಿಷಯ ಮಾತ್ರ ಬೇರೆ. ಮೊದಲ ಮಳೆಗೆ ಮೊಟ್ಟೆ ತುಂಬಿಕೊಂಡು ಹಳ್ಳ, ಗದ್ದೆ ಬದುಗಳಲ್ಲಿ ಮೇಲೆ ಹತ್ತುವ ಮೀನನ್ನು ಕೂಳಿ ಇಟ್ಟು, ಟಾರ್ಚ್ ಬಿಟ್ಟು ಹಿಡಿಯುವುದು ಮಲೆನಾಡಿನಲ್ಲಿ ಹಬ್ಬದ ಹಾಗೆ. ಬೈಯುತ್ತಾ ಹೋದರೆ ಯಾರೂ ಕ್ಯಾಮೆರಾ ಹೊರಗೆ ತೆಗೆಯೋಕೆ ಬಿಡುವುದಿಲ್ಲ. ಜೊತೆಗೆ ಕೂತು ಚಾ ಕುಡಿದು, ಅಂಗೈಯಲ್ಲಿರುವ ಮೀನಿನ ಉಬ್ಬಿದ ಹೊಟ್ಟೆಯದೊಂದು ಫೋಟೋ ತೆಗೆಯಿರಿ. ಆ ಫೋಟೋ ಮುಂದಿನ ವರ್ಷ ಅದೇ ಮನೆಯಲ್ಲಿ ಮಾತಾಡುತ್ತದೆ.

ಅನುಮತಿಯ ಮಾತು. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಹುಲಿ ಮೀಸಲು ಪ್ರದೇಶದ ಒಳಗಿನ ಹೊಳೆಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. ದೇವಸ್ಥಾನದ ಮೀನುಗಳಿದ್ದರೆ ಆಡಳಿತದವರನ್ನು ಕೇಳಿ. ತೋಟದೊಳಗಿನ ಹಳ್ಳವಾದರೆ ತೋಟದವರನ್ನು ಕೇಳಿ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಬೆಳಗ್ಗೆ ಬೇಗ ಹೊರಡುವ ಮುಂಚೆ ಆನೆ ಎಲ್ಲಿದೆ ಅಂತಲೂ ಕೇಳಿ. ತಮಾಷೆಗೆ ಹೇಳುತ್ತಿಲ್ಲ.

ಹಂತ 3: ದಡದಿಂದ ಶುರು ಮಾಡಿ

ಶೃಂಗೇರಿಯ ತುಂಗಾ ತೀರ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ವಹ್ನಿ ಪುಷ್ಕರಿಣಿ. ಈ ಎರಡೂ ಕಡೆ ದೇವರ ಮೀನು ಅಂತ ಯಾರೂ ಮುಟ್ಟುವುದಿಲ್ಲ. ಕಲಿಯೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ರಾಮನಾಥಪುರದಲ್ಲಿ ಕಾವೇರಿ ಬಂಡೆಗಳ ನಡುವೆ ಆಳಕ್ಕೆ ನುಗ್ಗುತ್ತಾಳೆ. ಫೋಟೋಗೆ ಅಂತ ಪಾಚಿ ಕಟ್ಟಿದ ಕಲ್ಲಿನ ಮೇಲೆ ಒಂದು ಹೆಜ್ಜೆಯೂ ಮುಂದೆ ಇಡಬೇಡಿ.

ಎಲ್ಲರೂ ಮಾಡುವ ತಪ್ಪು ಅಂದ್ರೆ ಮೆಟ್ಟಿಲ ತುದಿಯಲ್ಲಿ ನಿಂತು ಕೆಳಕ್ಕೆ ನೋಡಿ ಕ್ಲಿಕ್ ಮಾಡುವುದು. ಎರಡು ಮೂರು ಮೆಟ್ಟಿಲು ಹಿಂದಕ್ಕೆ ಬಂದು ಕುಳಿತುಕೊಳ್ಳಿ. ನೀರಿನ ಮಟ್ಟಕ್ಕೆ ಸುಮಾರು 35ರಿಂದ 40 ಡಿಗ್ರಿ ಓರೆಯಲ್ಲಿ ನೋಡಿದಾಗ ಪೋಲರೈಸರ್ ಚೆನ್ನಾಗಿ ಕೆಲಸ ಮಾಡುತ್ತದೆ. ನೆಟ್ಟಗೆ ಕೆಳಗೆ ನೋಡಿದರೆ ಅದು ಇದ್ದೂ ಇಲ್ಲದ ಹಾಗೆ. ಫಿಲ್ಟರ್ ಅನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಿ. ಒಂದು ಜಾಗದಲ್ಲಿ ಆಕಾಶದ ಹೊಳಪು ಪರದೆ ಸರಿದಂತೆ ಮಾಯವಾಗಿ, ತಳದ ಕಲ್ಲು, ಮೀನಿನ ಹುರುಪೆಯ ಅಂಚು ಎಲ್ಲ ಕಾಣುತ್ತದೆ. ಅಲ್ಲೇ ನಿಲ್ಲಿಸಿ.

ಕುಳಿತುಕೊಳ್ಳುವುದಕ್ಕೆ ಇನ್ನೊಂದು ಕಾರಣವಿದೆ. ನೀರೊಳಗಿನ ಮೀನಿಗೆ ಹೊರಗಿನ ಜಗತ್ತು ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ನೀವು ತಗ್ಗಿದಷ್ಟೂ ಆ ಕಿಟಕಿಯ ಅಂಚಿಗೆ ಸರಿಯುತ್ತೀರಿ, ಚಿಕ್ಕದಾಗಿ ಕಾಣುತ್ತೀರಿ. ನಿಂತವರ ನೆರಳು ಬಿದ್ದರೆ ಮೀನು ಚದುರುತ್ತವೆ. ಕೂತವರ ಹತ್ತಿರ ಬರುತ್ತವೆ.

ಸಮಯ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರು. ಬೇರೆ ಫೋಟೋಗೆಲ್ಲ ಈ ಬಿಸಿಲು ಕೆಟ್ಟದ್ದು, ಮೀನಿಗೆ ಒಳ್ಳೆಯದು. ಸೂರ್ಯ ಮೇಲಿದ್ದಷ್ಟೂ ಬೆಳಕು ಒಳಗೆ ಇಳಿಯುತ್ತದೆ. ಪೋಲರೈಸರ್ ಒಂದೂವರೆ, ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕಿಳಿಯುವುದು. ಅದಕ್ಕೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಅಳತೆ) ಏರಿಸಿಕೊಳ್ಳಿ. ಷಟರ್ ವೇಗ ಸೆಕೆಂಡಿನ 1/500ಕ್ಕಿಂತ ಇಳಿಯದಿರಲಿ, ಫೋಕಸ್ ಕಣ್ಣಿನ ಮೇಲಿರಲಿ.

ಮಂಡಕ್ಕಿಯ ಬಗ್ಗೆ ಒಂದು ಮಾತು. ಹತ್ತು ಜನ ಎಸೆಯುವ ಮಂಡಕ್ಕಿ ಸಾಕು, ನೀವೂ ಎಸೆಯಬೇಡಿ. ಬ್ರೆಡ್, ಬಿಸ್ಕತ್ತು ಅಂತೂ ಬೇಡವೇ ಬೇಡ. ಮೀನಿಗೆ ಒಳ್ಳೆಯದಲ್ಲ, ಫೋಟೋಗೂ ಒಳ್ಳೆಯದಲ್ಲ. ಮುಗಿಬಿದ್ದ ಮೀನುಗಳಲ್ಲಿ ಒಂದರ ಆಕಾರವೂ ಬಿಡಿಯಾಗಿ ಕಾಣುವುದಿಲ್ಲ. ಜನ ಕಡಿಮೆಯಾದ ಮೇಲೆ ಅವು ನಿಧಾನವಾಗಿ ಓಡಾಡುತ್ತವಲ್ಲ, ಆಗ ತೆಗೆಯಿರಿ.

ಹಂತ 4: ಕ್ಯಾಮೆರಾ ನೀರೊಳಗೆ, ನೀವು ಹೊರಗೆ

ಮೀನಿನ ಮುಖ ಸಿಗುವುದು ಅದರ ಕಣ್ಣಿನ ಮಟ್ಟದಲ್ಲಿ. ಅದಕ್ಕೆ ಈಜು ಕಲಿಯಬೇಕಿಲ್ಲ. ಆ್ಯಕ್ಷನ್ ಕ್ಯಾಮೆರಾವನ್ನು ಕೋಲಿಗೆ ಬಿಗಿದು, ದಾರ ಕಟ್ಟಿ, ಮೊಣಕಾಲುದ್ದದ ತಿಳಿ ನೀರಿನಲ್ಲಿ ಎರಡು ಕಲ್ಲಿನ ನಡುವೆ ಇಡಿ. ಹರಿವು ಬರುವ ದಿಕ್ಕಿಗೆ ಬೆನ್ನು ಮಾಡಿ ಇಟ್ಟರೆ ಒಳ್ಳೆಯದು. ಮೀನು ಸಾಮಾನ್ಯವಾಗಿ ಹರಿವಿಗೆ ಎದುರಾಗಿ ನಿಲ್ಲುತ್ತವೆ. ಆಗ ಅವುಗಳ ಮುಖ ಕ್ಯಾಮೆರಾ ಕಡೆಗೇ ಇರುತ್ತದೆ.

ವಿಡಿಯೋ ಒತ್ತಿ ಹತ್ತು ಹದಿನೈದು ಹೆಜ್ಜೆ ದೂರ ಹೋಗಿ ಕೂತುಬಿಡಿ. ಕಾಲು ಗಂಟೆ ಏನೂ ಆಗುವುದಿಲ್ಲ. ನೀವೆಬ್ಬಿಸಿದ ಮಣ್ಣು ಕೂರಬೇಕು, ಮೀನಿನ ಹೆದರಿಕೆ ಹೋಗಬೇಕು. ಮೊದಲು ಸಣ್ಣವು ಬಂದು ಲೆನ್ಸ್ ಕುಟುಕುತ್ತವೆ. ಆಮೇಲೆ ದೊಡ್ಡವು. 4ಕೆ ವಿಡಿಯೋದ ಒಂದು ಚೌಕಟ್ಟು ತೆಗೆದರೆ 8 ಮೆಗಾಪಿಕ್ಸೆಲ್ ಫೋಟೋ ಸಿಗುತ್ತದೆ. ಎ4 ಅಳತೆಯ ಪ್ರಿಂಟಿಗೆ ಧಾರಾಳ ಸಾಕು.

ನೀರು ಮೊದಲು ನುಂಗುವ ಬಣ್ಣ ಕೆಂಪು. ಕೊಳೆತ ಎಲೆಯಿಂದ ಚಹಾ ಬಣ್ಣಕ್ಕೆ ತಿರುಗಿದ ನಮ್ಮ ಹಳ್ಳಗಳಲ್ಲಿ ಎಲ್ಲವೂ ಹಳದಿ ಹಸಿರಾಗಿ ಕಾಣುತ್ತದೆ. ಬಿಳಿ ತಟ್ಟೆ ಇರುವುದು ಇದಕ್ಕೆ. ಶುರುವಿನಲ್ಲಿ ತಟ್ಟೆಯನ್ನು ಮೀನು ಬರುವ ಜಾಗದಲ್ಲಿ ಐದು ಸೆಕೆಂಡ್ ಹಿಡಿದು ತೋರಿಸಿ. ಮನೆಗೆ ಬಂದ ಮೇಲೆ ಆ ತಟ್ಟೆ ಬೆಳ್ಳಗಾಗುವ ತನಕ ಬಣ್ಣ ಸರಿಮಾಡಿ. ಅಲ್ಲಿಗೆ ನಿಲ್ಲಿಸಿ. ಇನ್ನಷ್ಟು ಕೆಂಪು ಏರಿಸಿ ಬಾಲವನ್ನು ಕಿತ್ತಳೆ ಮಾಡಿದರೆ ಹಂತ 1ರಲ್ಲಿ ಹೇಳಿದ ಗುರುತೇ ಸುಳ್ಳಾಗುತ್ತದೆ.

ಕ್ಯಾಮೆರಾದ ಪಕ್ಕದಲ್ಲೇ ಟಾರ್ಚ್ ಕಟ್ಟಬೇಡಿ. ನೀರಿನ ಕಣಗಳೆಲ್ಲ ಹೊಳೆದು ಫೋಟೋದಲ್ಲಿ ಹಿಮ ಬಿದ್ದ ಹಾಗೆ ಕಾಣುತ್ತದೆ. ಫೋಟೋಗೋಸ್ಕರ ಕಲ್ಲು ಎತ್ತಿ ಸರಿಸುವುದೂ ಬೇಡ. ಕಲ್ಲಿನಡಿ ಮೀನಿನ ಮನೆ ಇರುತ್ತದೆ, ಮೊಟ್ಟೆ ಇರಬಹುದು.

ಹಂತ 5: ಗಾಜಿನ ತೊಟ್ಟಿ ಯಾವಾಗ, ಹೇಗೆ

ಕಪ್ಪು ಹಿನ್ನೆಲೆಯಲ್ಲಿ ಒಂದೇ ಮೀನು ಆಭರಣದ ಹಾಗೆ ಹೊಳೆಯುವ ಫೋಟೋ ನೋಡಿರುತ್ತೀರಿ. ಅಮೆರಿಕದ ಜೋಯಲ್ ಸಾರ್ಟೋರಿ ತಮ್ಮ ಫೋಟೋ ಆರ್ಕ್ ಯೋಜನೆಯಲ್ಲಿ ಸಾವಿರಾರು ಜೀವಿಗಳನ್ನು ಹೀಗೆ ಕಪ್ಪು ಇಲ್ಲಾ ಬಿಳಿ ಹಿನ್ನೆಲೆಯಲ್ಲಿ ತೆಗೆದಿದ್ದಾರೆ. ಇಲಿಯೂ ಹುಲಿಯೂ ಒಂದೇ ಅಳತೆಯಲ್ಲಿ ಕಾಣಲಿ ಅನ್ನುವುದು ಅವರ ಲೆಕ್ಕ. ಬೆರಳುದ್ದದ ಮೀನಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ಆದರೆ ಅವರು ತೆಗೆಯುವುದು ಹೆಚ್ಚಾಗಿ ಮೃಗಾಲಯ, ಅಕ್ವೇರಿಯಂಗಳಲ್ಲಿ ಸಾಕಿದ ಜೀವಿಗಳನ್ನು.

ಆದ್ದರಿಂದ ನನ್ನ ಉತ್ತರ ಇಷ್ಟು. ಅಪಾಯದ ಪಟ್ಟಿಯ ಮೀನನ್ನು ಫೋಟೋಗೆ ಅಂತ ನೀವೇ ಹಿಡಿಯಬೇಡಿ. ಅನುಮತಿ ಪಡೆದ ಸಂಶೋಧಕರು ಸಮೀಕ್ಷೆಗೆ ಬಂದಾಗ ಜೊತೆಗೆ ಹೋಗಿ. ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ, ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ವಿಚಾರಿಸಿದರೆ ದಾರಿ ಸಿಗುತ್ತದೆ. ಅವರು ಅಳತೆ ತೆಗೆದು ವಾಪಸ್ ಬಿಡುವ ಮುಂಚಿನ ಐದು ನಿಮಿಷ ನಿಮ್ಮದು. ಮೊದಲು ಸಾಮಾನ್ಯ ಮೀನಿನಲ್ಲಿ, ಅದಕ್ಕೂ ಮೊದಲು ಮನೆಯ ಅಕ್ವೇರಿಯಂನಲ್ಲಿ ಕೈ ಪಳಗಿಸಿಕೊಳ್ಳಿ.

ತೊಟ್ಟಿ 30 ಸೆಂ.ಮೀ. ಉದ್ದ, 20 ಎತ್ತರ, 8 ಅಗಲ ಇದ್ದರೆ ಸಾಕು. ಅಕ್ವೇರಿಯಂ ಅಂಗಡಿಯವರು ಮಾಡಿಕೊಡುತ್ತಾರೆ. ಹೊಸ ಸಿಲಿಕೋನ್ ಅಂಟಿನ ಹುಳಿ ವಾಸನೆ ಪೂರ್ತಿ ಹೋಗಲಿ. ಸೋಪು ಹಾಕಿ ತೊಳೆಯಬೇಡಿ. ಒಳಗೆ ಸರಿಯುವಂಥ ಇನ್ನೊಂದು ಗಾಜಿನ ತುಂಡು ಇಟ್ಟುಕೊಳ್ಳಿ. ಅದನ್ನು ಮುಂದಕ್ಕೆ ತಂದರೆ ಮೀನು ಮುಂದಿನ ಗಾಜಿನ ಹತ್ತಿರವೇ ಇರುತ್ತದೆ. ಒತ್ತಬಾರದು, ಮೀನು ತಿರುಗುವಷ್ಟು ಜಾಗ ಇರಲೇಬೇಕು.

ಕ್ರಮ ಹೀಗೆ. ತೊಟ್ಟಿಯನ್ನು ನೆರಳಲ್ಲಿ ಇಡಿ. ಅದೇ ಹಳ್ಳದ ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬಿ. ನಲ್ಲಿ ನೀರು ಬೇಡ, ಅದರ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಗಾಜಿಗೆ ಅಂಟಿದ ಗುಳ್ಳೆಗಳನ್ನು ಗರಿಯಲ್ಲಿ ಒರೆಸಿ. ಹಿಂದೆ ಕಪ್ಪು ವೆಲ್ವೆಟ್ ಬಟ್ಟೆ. ಬೆಳಕು ಮೇಲಿಂದ ಇಲ್ಲಾ ಪಕ್ಕದಿಂದ, ಎಂದೂ ಎದುರಿನಿಂದ ಅಲ್ಲ. ಲೆನ್ಸನ್ನು ಗಾಜಿಗೆ ನೇರ ಎದುರಾಗಿ ಹಿಡಿಯಿರಿ, ಓರೆಯಾದರೆ ಚಿತ್ರ ಮಸುಕಾಗುತ್ತದೆ. ನಿಮ್ಮ ಬಿಳಿ ಅಂಗಿ ಗಾಜಿನಲ್ಲಿ ಕಾಣುತ್ತದೆ, ಕಪ್ಪು ಹಾಕಿಕೊಂಡು ಹೋಗಿ. ಫ್ಲ್ಯಾಶ್ ಜೊತೆ ಲೆನ್ಸ್ ತೆರಪು ಎಫ್ 8ರಿಂದ 11, ಷಟರ್ 1/200, ಐಎಸ್‌ಒ 200ರಿಂದ ಶುರು ಮಾಡಿ. ಕೊನೆಗೆ ಮೀನು. ಒದ್ದೆ ಕೈಯಲ್ಲಿ ಅಥವಾ ಮೆತ್ತನೆ ಬಲೆಯಲ್ಲಿ ತನ್ನಿ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬಂದು ಅಲ್ಲಿ ಬೂಷ್ಟು ಹಿಡಿಯುತ್ತದೆ.

ಗುರುತಿಗೆ ಬೇಕಾದದ್ದು ತಲೆ ಎಡಕ್ಕಿರುವ ಪೂರ್ತಿ ಪಕ್ಕದ ಚಿತ್ರ. ರೆಕ್ಕೆ ಬಿಚ್ಚಿರಬೇಕು, ಮೀಸೆ ಕಾಣಬೇಕು, ಕಿವಿರಿನಿಂದ ಬಾಲದ ತನಕ ಹೋಗುವ ಪಕ್ಕದ ಗೆರೆಯ ಹುರುಪೆಗಳನ್ನು ಎಣಿಸುವ ಹಾಗಿರಬೇಕು. ಜನರಿಗೆ ಬೇಕಾದದ್ದು ಮುಖ, ಮುಕ್ಕಾಲು ತಿರುಗಿದ ನೋಟ. ಎರಡೂ ಬೇಕು.

ಒಮ್ಮೆ ನಾನೇ ತಪ್ಪು ಮಾಡಿದ್ದೇನೆ. ಹೇಮಾವತಿ ಕಡೆಯ ಒಂದು ಹಳ್ಳದಲ್ಲಿ ತೊಟ್ಟಿ ಇಟ್ಟಾಗ ನೆರಳಿತ್ತು. ಫ್ಲ್ಯಾಶ್ ಸರಿಮಾಡುತ್ತಾ ಕೂತೆ, ಬಿಸಿಲು ಸರಿದು ಬಂದದ್ದು ನೋಡಲಿಲ್ಲ. ಎರಡು ಲೀಟರ್ ನೀರು ಎಷ್ಟು ಬೇಗ ಬೆಚ್ಚಗಾಗುತ್ತದೆ ಗೊತ್ತಾ? ಮೀನು ಓರೆಯಾಗಿ ತೇಲಿತು. ಹಳ್ಳಕ್ಕೆ ಇಳಿಸಿ ಹರಿವಿಗೆ ಮುಖ ಮಾಡಿ ಹಿಡಿದೆ. ಎಷ್ಟೋ ಹೊತ್ತಿನ ಮೇಲೆ ಕಲ್ಲಿನಡಿ ನುಸುಳಿತು. ಆ ಫೋಟೋ ಚೆನ್ನಾಗಿ ಬಂದಿತ್ತು. ಎಲ್ಲೂ ಬಳಸಲಿಲ್ಲ. ಈಗ ಮೊಬೈಲ್‌ನಲ್ಲಿ ಐದು ನಿಮಿಷಕ್ಕೆ ಅಲಾರಂ ಇಡುತ್ತೇನೆ. ಕಿವಿರು ಬಡಿತ ಜೋರಾದರೆ, ಮೀನು ಮೇಲೆ ಬಂದು ಗಾಳಿ ಗುಟುಕರಿಸಿದರೆ, ಅಲಾರಂಗೂ ಕಾಯಬೇಡಿ. ಹಿಡಿದ ಜಾಗದಲ್ಲೇ ಬಿಡಿ.

ಹಂತ 6: ಇನ್ನೊಂದು ಹಳ್ಳಕ್ಕೆ ಹೋಗುವ ಮುಂಚೆ

ಬಲೆ, ಚಪ್ಪಲಿ, ತೊಟ್ಟಿ ಎಲ್ಲವನ್ನೂ ಬಿಸಿಲಲ್ಲಿ ಪೂರ್ತಿ ಒಣಗಿಸಿ. ಒದ್ದೆ ಬಲೆಯಲ್ಲಿ ರೋಗವೂ ಹೋಗುತ್ತದೆ, ಮೊಟ್ಟೆಯೂ ಹೋಗುತ್ತದೆ. ಮನೆಯ ಅಕ್ವೇರಿಯಂ ಮೀನನ್ನು ‘ಪಾಪ’ ಅಂತ ಹೊಳೆಗೆ ಬಿಡುವವರೂ ಇದ್ದಾರೆ. ದಯವಿಟ್ಟು ಬೇಡ.

ಹಂತ 7: ಜಾಗದ ಗುಟ್ಟು ಕಾಪಾಡಿ

ದೇವಸ್ಥಾನದ ಮೀನಿನ ಜಾಗ ಎಲ್ಲರಿಗೂ ಗೊತ್ತು, ಅದನ್ನು ಬರೆಯಬಹುದು. ಕಾವಲಿಲ್ಲದ ಮಡುವಿನ ಹೆಸರು ಬರೆಯಬೇಡಿ. ಸಿಡಿಮದ್ದು ಎಸೆದು, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೂ ಅಪರಾಧ. ಆದರೂ ಒಂದು ತೋಟೆ ಸಾಕು, ಮಡು ಖಾಲಿಯಾಗುತ್ತದೆ. ಮೊಬೈಲ್ ಕ್ಯಾಮೆರಾದ ಲೊಕೇಶನ್ ಮೊದಲೇ ಆಫ್ ಮಾಡಿ. ಹಿನ್ನೆಲೆಯಲ್ಲಿ ಸೇತುವೆ, ಬೋರ್ಡು ಇದ್ದರೆ ಕತ್ತರಿಸಿ. ವಿಜ್ಞಾನಕ್ಕೂ ದಾಖಲೆ ಸಿಗಲಿ ಅನ್ನುವವರು ಜೀವಿಗಳ ಫೋಟೋ ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕಬಹುದು. ಅಪಾಯದಲ್ಲಿವೆ ಅಂತ ಅಲ್ಲಿ ಗುರುತಾದ ಜೀವಿಗಳ ನಿಖರ ಜಾಗವನ್ನು ಅದು ಬೇರೆಯವರಿಗೆ ಮಸುಕು ಮಾಡಿ ತೋರಿಸುತ್ತದೆ. ಹಾಕಿದ ಮೇಲೆ ಮಸುಕಾಗಿದೆಯಾ ಅಂತ ಒಮ್ಮೆ ನೋಡಿ, ಇಲ್ಲದಿದ್ದರೆ ನೀವೇ ಮಾಡಿ.

ಹಂತ 8: ಫೋಟೋ ಹೊಳೆ ದಂಡೆಗೆ ವಾಪಸ್ ಬರಲಿ

ಬೆಂಗಳೂರಿನವರ ಲೈಕ್‌ನಿಂದ ಹೇಮಾವತಿಯ ಮೀನಿಗೆ ಆಗುವ ಉಪಯೋಗ ಕಡಿಮೆ. ಪ್ರಿಂಟ್ ಹಾಕಿಸಿ. ಶಾಲೆಯ ಗೋಡೆ, ಹಾಲಿನ ಡೇರಿ, ಹೊಳೆ ಪಕ್ಕದ ಹೋಟೆಲ್. ಅನುಮತಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಪ್ರಿಂಟಿನ ಕೆಳಗೆ ವೈಜ್ಞಾನಿಕ ಹೆಸರು ಚಿಕ್ಕದಾಗಿ ಇರಲಿ, ಊರಿನ ಹೆಸರಿಗೆ ದೊಡ್ಡ ಜಾಗ ಖಾಲಿ ಬಿಡಿ. ಒಂದು ಪೆನ್ನು ನೇತು ಹಾಕಿ. ವಯಸ್ಸಾದವರು ಬಂದು ಬರೆಯುತ್ತಾರೆ, ಇನ್ನೊಬ್ಬರು ಅದನ್ನು ಹೊಡೆದು ಹಾಕಿ ತಮ್ಮ ಕಡೆಯ ಹೆಸರು ಬರೆಯುತ್ತಾರೆ. ‘ನಾವು ಚಿಕ್ಕವರಿದ್ದಾಗ ಇದು ಸೇತುವೆ ಕೆಳಗೇ ಸಿಗ್ತಿತ್ತು’ ಅನ್ನುವ ಮಾತು ಬಂದರೆ ವರ್ಷ ಕೇಳಿ ಬರೆದುಕೊಳ್ಳಿ. ಯಾವ ಮೀನು ಯಾವಾಗಿನಿಂದ ಕಾಣುತ್ತಿಲ್ಲ ಅನ್ನುವ ಲೆಕ್ಕ ಎಷ್ಟೋ ಹಳ್ಳಗಳಿಗೆ ಇರುವುದು ಅವರ ನೆನಪಿನಲ್ಲಿ ಮಾತ್ರ.

ಲ್ಯಾಮಿನೇಶನ್ ಮಾಡಿಸುವಾಗ ಹೊಳೆಯದ ಮ್ಯಾಟ್ ಹಾಳೆ ಕೇಳಿ. ಹೊಳೆಯುವ ಹಾಳೆಯಲ್ಲಿ ಟ್ಯೂಬ್‌ಲೈಟ್ ಪ್ರತಿಫಲಿಸಿ ಮೀನೇ ಕಾಣುವುದಿಲ್ಲ, ಮತ್ತೆ ಪೋಲರೈಸರ್ ಹುಡುಕಬೇಕಾಗುತ್ತದೆ. ನಾಲ್ಕೂ ಅಂಚು ಬಿಗಿಯಾಗಿ ಸೀಲ್ ಆಗಿರಲಿ. ಮಲೆನಾಡಿನ ಒಂದು ಮಳೆಗಾಲಕ್ಕೆ ಪೇಪರ್ ಬೂಷ್ಟು ಹಿಡಿಯುತ್ತದೆ.